ಬೀದಿನಾಯಿ ಚರ್ಚೆಯಲ್ಲಿ ಮರೆತುಹೋದ ಮನೆಯ ಮರಿ

ಬೀದಿನಾಯಿಗಳ ಕುರಿತು ಸುಪ್ರೀಂ ಕೋರ್ಟ್ 2025ರಲ್ಲಿ ನೀಡಿದ ಆದೇಶಗಳು ಸಮಾಜವನ್ನು ಎರಡು ಪಾಳೆಯಗಳಾಗಿ ಒಡೆದವು. ದೆಹಲಿ ಮತ್ತು ಸುತ್ತಲಿನ ನಾಯಿಗಳನ್ನು ಹಿಡಿದು ಆಶ್ರಯತಾಣಗಳಿಗೆ ಸಾಗಿಸಬೇಕೆಂದು ಆಗಸ್ಟ್ 11ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಆದೇಶಿಸಿತು. 22ರಂದು ಮೂವರ ಪೀಠ ಅದನ್ನು ಮಾರ್ಪಡಿಸಿ, ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆ ಪಡೆದ ನಾಯಿಗಳನ್ನು, ರೇಬೀಸ್ ಪೀಡಿತ ಹಾಗೂ ಆಕ್ರಮಣಕಾರಿ ನಾಯಿಗಳ ಹೊರತು, ಹಿಡಿದ ಸ್ಥಳದಲ್ಲಿಯೇ ಬಿಡಬೇಕೆಂದಿತು. ನವೆಂಬರ್ 7ರ ಆದೇಶವು ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆರವುಗೊಳಿಸುವಂತೆ ಸೂಚಿಸಿತು. ಒಂದು ಪಾಳೆಯ ಭಯದ ಮಾತನಾಡಿತು. ಇನ್ನೊಂದು ಕರುಣೆಯ ಮಾತನಾಡಿತು. ಮನೆಯೊಳಗೆ ಬೆಳೆಯುವ ನಾಯಿಯ ಮಾತನ್ನು ಎರಡೂ ಆಡಲಿಲ್ಲ.

ಬೆಂಗಳೂರಿಗೆ ಈ ವಿವಾದ ಹೊಸದಲ್ಲ. 2007ರಲ್ಲಿ ಬೀದಿನಾಯಿಗಳ ದಾಳಿಗೆ ಮಕ್ಕಳು ಬಲಿಯಾದಾಗ ನಗರ ತತ್ತರಿಸಿತ್ತು. ಮಹಾನಗರ ಪಾಲಿಕೆಯ 2019ರ ಸಮೀಕ್ಷೆ ಸುಮಾರು 3.10 ಲಕ್ಷ ಬೀದಿನಾಯಿಗಳನ್ನು ಅಂದಾಜಿಸಿದರೆ, 2023ರ ಸಮೀಕ್ಷೆಯ ಅಂದಾಜು ಸುಮಾರು 2.79 ಲಕ್ಷ. ಆ ಲೆಕ್ಕ ಬೀದಿಯದ್ದು. ಮನೆಯ ಬಾಗಿಲಿನಿಂದ ಬೀದಿಗೆ ಬೀಳುವ ನಾಯಿಗಳ ಪ್ರಶ್ನೆ ಅದರ ವ್ಯಾಪ್ತಿಯಲ್ಲಿರಲಿಲ್ಲ. ಆದರೆ ಪ್ರೀತಿಯಿಂದ ತಂದ ಮರಿಯೊಂದು ಒಂದೆರಡು ವರ್ಷಗಳಲ್ಲಿಯೇ ಬೇಡವಾಗುವುದೇಕೆ ಎಂಬುದೂ ನಗರದ ನಾಯಿ ಸಮಸ್ಯೆಯ ಒಂದು ಭಾಗವೇ ಆಗಿದೆ. ಇದಕ್ಕೆ ಉತ್ತರವನ್ನು ನ್ಯಾಯಾಲಯದಲ್ಲಿ ಹುಡುಕುವುದಕ್ಕಿಂತ, ಮರಿ ಮನೆಗೆ ಬಂದ ಮೊದಲ ವಾರಗಳಲ್ಲಿ ಅದರ ಮೈಯನ್ನು ಯಾರು, ಹೇಗೆ ಮುಟ್ಟುತ್ತಾರೆ ಎಂಬಲ್ಲಿ ಹುಡುಕುವುದು ಒಳಿತು.

ಹಲಸೂರನ್ನೇ ನೋಡೋಣ. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ನೆಲೆಯೂರಿದಾಗ, ಬಂಗಲೆಗಳ ಜೊತೆಗೆ ವಿದೇಶಿ ತಳಿಯ ನಾಯಿಗಳನ್ನು ಸಾಕುವ ಶೋಕಿಯೂ ಬಂದಿತು. ಆ ನಾಯಿಗಳಿಗೆ ಅಂಗಳವಿತ್ತು, ನೋಡಿಕೊಳ್ಳಲು ಆಳುಗಳಿದ್ದರು. ಇಂದು ಸೋಮೇಶ್ವರ ದೇವಾಲಯದ ಸುತ್ತಲಿನ ಇಕ್ಕಟ್ಟಾದ ಬೀದಿಗಳಲ್ಲಿ ಅಂಗಳವಿಲ್ಲ. ಕೆರೆಯ ಆಸುಪಾಸಿನ ಬಹುಮಹಡಿ ವಸತಿಗಳಲ್ಲಿ ಬಾಲ್ಕನಿಯೇ ಅಂಗಳ. 2011ರಲ್ಲಿ ಮೆಟ್ರೊ ಬಂದ ಮೇಲೆ ಬಡಾವಣೆಯ ಬದುಕು ಇನ್ನಷ್ಟು ಧಾವಂತದ್ದಾಯಿತು. ಅಂಗಳ ಹೋಯಿತು, ಬಿಡುವು ಹೋಯಿತು, ಶೋಕಿ ಮಾತ್ರ ಉಳಿಯಿತು.

ಈ ಶೋಕಿಗೆ ಮಾರುಕಟ್ಟೆ ಗಾಳಿ ಹಾಕುತ್ತಲೇ ಬಂದಿದೆ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಬಾಲಕನ ಹಿಂದೆ ಹಿಂದೆ ನಡೆದ ಪುಟ್ಟ ಪಗ್ ನಾಯಿ ದೇಶದ ಮನಸ್ಸನ್ನು ಗೆದ್ದಿತು. ಪಗ್ ಮರಿಗಳಿಗೆ ಎಲ್ಲಿಲ್ಲದ ಬೇಡಿಕೆ ಬಂದಿತು. ಚಪ್ಪಟೆ ಮೂತಿಯ ಆ ತಳಿಗೆ ಸೆಕೆಯಲ್ಲಿ ಉಸಿರಾಟವೇ ಕಷ್ಟ, ಮುಖದ ಮಡಿಕೆಗಳನ್ನು ಒರೆಸಿ ಒಣಗಿಸದಿದ್ದರೆ ಸೋಂಕು ಕಟ್ಟಿಟ್ಟ ಬುತ್ತಿ ಎಂಬುದನ್ನು ಜಾಹೀರಾತು ಹೇಳಲಿಲ್ಲ. ನಂತರ ಹಿಮಪ್ರದೇಶದ ಹಸ್ಕಿ, ಸೇಂಟ್ ಬರ್ನಾರ್ಡ್‌ಗಳ ಸರದಿ. ವಾಣಿಜ್ಯ ಉದ್ದೇಶದ ಸಂತಾನೋತ್ಪತ್ತಿಗೆ ವಿದೇಶಿ ನಾಯಿಗಳ ಆಮದನ್ನು ಕೇಂದ್ರ ಸರ್ಕಾರ 2016ರಲ್ಲಿ ನಿಷೇಧಿಸಿತು. ಅಷ್ಟರಲ್ಲಿ ಈ ತಳಿಗಳು ಇಲ್ಲಿಯೇ ಬೇರೂರಿದ್ದವು. ನಮ್ಮದೇ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಚಿತ್ರವಿರುವ ಅಂಚೆಚೀಟಿ 2005ರಲ್ಲಿ ಹೊರಬಂದಿತು. ನಮ್ಮ ಬಿಸಿಲಿಗೆ ಒಗ್ಗಿದ, ಬಾಚಲು ಹೆಚ್ಚು ಶ್ರಮ ಬೇಡದ ಗಿಡ್ಡ ರೋಮದ ತಳಿ ಅದು. ಓಟಕ್ಕೆಂದೇ ಹುಟ್ಟಿದ ಅದು ಫ್ಲ್ಯಾಟಿಗೆ ಸುಲಭವಾಗಿ ಹೊಂದುವುದಿಲ್ಲ ಎಂಬುದೂ ನಿಜ. ನಾಯಿಯನ್ನು ಆರಿಸುವುದೆಂದರೆ ಅದು ಕೇಳುವ ದಿನಚರಿಯನ್ನೂ ಆರಿಸಿದಂತೆ. ಖರೀದಿಯ ಉತ್ಸಾಹದಲ್ಲಿ ಮರೆಯಾಗುವುದು ಈ ಸತ್ಯವೇ.

2017ರ ಶ್ವಾನ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹುಟ್ಟಿದ 3ನೇ ವಾರದಿಂದ ಸುಮಾರು 14ನೇ ವಾರದವರೆಗಿನ ಅವಧಿಯಲ್ಲಿ ಮರಿಯ ಮನಸ್ಸು ಹೊಸದನ್ನು ಹೆಚ್ಚು ಅಂಜಿಕೆಯಿಲ್ಲದೆ ಒಪ್ಪಿಕೊಳ್ಳುತ್ತದೆ ಎಂಬುದು ಪ್ರಾಣಿವರ್ತನೆಯ ಅಧ್ಯಯನಗಳು ಕಂಡುಕೊಂಡ ಸಂಗತಿ. ಅಂದರೆ ಹೊಸ ಮನೆಯವರಿಗೆ ದಕ್ಕುವುದು ಹೆಚ್ಚೆಂದರೆ ಆರು ವಾರ. ಇನ್ನೊಂದೆಡೆ ಪಾರ್ವೊ, ಡಿಸ್ಟೆಂಪರ್ ರೋಗಗಳ ವಿರುದ್ಧದ ಲಸಿಕೆಯ ಸರಣಿ ಮುಗಿಯುವುದು ಸುಮಾರು 16ನೇ ವಾರಕ್ಕೆ. ಅಲ್ಲಿಯವರೆಗೆ ಹತ್ತಾರು ನಾಯಿಗಳು ಬಂದುಹೋಗುವ ಸೌಂದರ್ಯ ಮಳಿಗೆಯಾಗಲಿ, ಕೆರೆಯಂಚಿನ ನೆಲವಾಗಲಿ ಮರಿಗೆ ಸುರಕ್ಷಿತವಲ್ಲ. ಎತ್ತಿಕೊಂಡು ಹೊರಲೋಕ ತೋರಿಸಬಹುದು, ಅಷ್ಟೆ. ಕಲಿಕೆಯ ಬಾಗಿಲು ಮುಚ್ಚಿದ ಬಳಿಕವೇ ಮಳಿಗೆಯ ಬಾಗಿಲು ತೆರೆಯುತ್ತದೆ. ಹೀಗಾಗಿ ಮರಿಯ ಮೈ ಆರೈಕೆ ಮನೆಯಲ್ಲಿಯೇ, ಮನೆಯವರ ಕೈಯಲ್ಲಿಯೇ ಆರಂಭವಾಗಬೇಕು.

ಇದು ಕಷ್ಟದ ವಿದ್ಯೆಯೇನಲ್ಲ. ದಿನಕ್ಕೆ ಐದು ನಿಮಿಷ ಮೃದುವಾದ ಬ್ರಷ್ಷಿನಿಂದ ಬಾಚಿ, ಪಂಜ, ಕಿವಿ, ಬಾಲ, ವಸಡುಗಳನ್ನು ಮೆಲ್ಲಗೆ ಮುಟ್ಟಿ, ಒಂದು ತುಣುಕು ತಿನಿಸು ಕೊಟ್ಟರೆ ಸಾಕು. ಮರಿ ಕೊಸರಾಡಿದರೆ ಅದುಮಿ ಹಿಡಿಯದೆ ನಿಲ್ಲಿಸಬೇಕು. ಬಲವಂತದಿಂದ ಅದು ಕಲಿಯುವುದು ಭಯವನ್ನು ಮಾತ್ರ. ಉಗುರಿನ ಒಳಗೆ ರಕ್ತನಾಳ ಇರುವುದರಿಂದ ತುದಿಯನ್ನಷ್ಟೇ, ಅದೂ ಒಂದೆರಡು ಉಗುರುಗಳನ್ನು ಮಾತ್ರ, ಕತ್ತರಿಸುತ್ತ ಅಭ್ಯಾಸ ಮಾಡಿಸಬೇಕು. ಕಿವಿಯ ಹೊರಭಾಗವನ್ನು ಒರೆಸಬಹುದು. ಒಳಗೆ ಕಡ್ಡಿ ಹಾಕಬಾರದು. ನಾಯಿಯ ಚರ್ಮ ನಮ್ಮದಕ್ಕಿಂತ ತೆಳು; ನಮ್ಮ ಚರ್ಮದಷ್ಟು ಆಮ್ಲೀಯವಲ್ಲ, ತಟಸ್ಥ ಸ್ಥಿತಿಗೆ ಹತ್ತಿರ. ಆದ್ದರಿಂದ ನಮ್ಮ ಸಾಬೂನು, ಶಾಂಪೂಗಳು ಅದಕ್ಕೆ ಹಿತವಲ್ಲ, ಪದೇ ಪದೇ ಸ್ನಾನವೂ ಬೇಕಿಲ್ಲ. ಸ್ನಾನ ಮಾಡಿಸಿದರೆ ಉಗುರುಬೆಚ್ಚಗಿನ ನೀರು, ನಂತರ ಪೂರ್ಣವಾಗಿ ಒಣಗಿಸುವುದು ಮುಖ್ಯ. ಒಳರೋಮ, ಹೊರರೋಮ ಎರಡೂ ಇರುವ ತಳಿಗಳನ್ನು ಸೆಕೆಯೆಂದು ಬೋಳಿಸುವುದು ತಪ್ಪು. ಬಿಸಿಲಿನಿಂದ ಕಾಯುವ ಹೊದಿಕೆಯನ್ನೇ ಕಿತ್ತುಕೊಂಡಂತೆ ಅದು.

ಬಾಚಣಿಗೆಯ ಇನ್ನೊಂದು ಉಪಯೋಗ ಉಣ್ಣೆಹುಳುವಿನ ಪತ್ತೆ. ಪ್ರಾಣಾಂತಿಕವಾಗಬಲ್ಲ ಉಣ್ಣೆಜ್ವರ ಈ ಹುಳುಗಳಿಂದಲೇ ಹರಡುತ್ತದೆ. ಸೀಮೆಎಣ್ಣೆ ಸವರುವುದು, ಫಿನಾಯಿಲ್ ಬೆರೆಸಿದ ನೀರಿನಲ್ಲಿ ತೊಳೆಯುವುದು ಔಷಧವಲ್ಲ, ವಿಷ. ನಾಯಿ ತನ್ನ ಮೈಯನ್ನು ತಾನೇ ನೆಕ್ಕುತ್ತದೆ ಎಂಬುದನ್ನು ನೆನೆದರೆ ಸಾಕು. ಮರಿಯ ವಯಸ್ಸು, ತೂಕಕ್ಕೆ ತಕ್ಕ ಔಷಧವನ್ನು ಪಶುವೈದ್ಯರೇ ಹೇಳಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹಲಸೂರಿಗೆ ದೂರವೇನಲ್ಲ.

ಸೌಂದರ್ಯ ಮಳಿಗೆಗಳೇ ಬೇಡವೆಂಬ ವಾದ ಇದಲ್ಲ. ಶಿಟ್ಜು, ಪೂಡಲ್‌ನಂತಹ ಸದಾ ಬೆಳೆಯುವ ರೋಮದ ತಳಿಗಳಿಗೆ ನುರಿತ ಕತ್ತರಿ ಬೇಕೇ ಬೇಕು. ಆದರೆ ಮನೆಯಲ್ಲಿ ಎಂದೂ ಬಾಚಿಸಿಕೊಳ್ಳದ ನಾಯಿಯನ್ನು ಗಂಟುಗಟ್ಟಿದ ರೋಮದೊಂದಿಗೆ ಅಪರಿಚಿತರ ಮೇಜಿನ ಮೇಲೆ ನಿಲ್ಲಿಸಿದರೆ ಅದು ಕಚ್ಚದೆ ಇನ್ನೇನು ಮಾಡೀತು? ಮುಟ್ಟಿಸಿಕೊಳ್ಳದ ನಾಯಿಗೆ ವೈದ್ಯರು ಲಸಿಕೆ ಹಾಕುವುದೂ ಕಷ್ಟ. ಮೈ ಕೊಳೆಯಾಗಿ ವಾಸನೆ ಬಂದರೆ ಅದು ಮನೆಯಿಂದ ಬಾಲ್ಕನಿಗೆ ಹೋಗುತ್ತದೆ. ಬಾಲ್ಕನಿಯಲ್ಲಿ ಸರಪಳಿ ಬಿಗಿದ ನಾಯಿ ದಿನವಿಡೀ ಬೊಗಳುತ್ತದೆ. ನೆರೆಯವರ ದೂರು ಬರುತ್ತದೆ. ಕೊನೆಗೊಂದು ದಿನ ಅದು ಮನೆಯಲ್ಲಿ ಕಾಣಿಸುವುದಿಲ್ಲ. ತಳಿನಾಯಿ ಬೀದಿಗೆ ಬೀಳುವುದು ಹೀಗೆ, ಹಂತ ಹಂತವಾಗಿ. ಬೀದಿಯಲ್ಲಿ ಬದುಕುವ ಕಲೆ ಅದಕ್ಕೆ ಗೊತ್ತಿಲ್ಲ.

ಮಧ್ಯಮ ವರ್ಗ ಗಮನಿಸಬೇಕಾದ ಮತ್ತೊಂದು ಸಂಗತಿಯಿದೆ. ಸಾಕಿದವರು ನಾವೆಂದುಕೊಂಡರೂ ಅನೇಕ ಮನೆಗಳಲ್ಲಿ ನಾಯಿಯನ್ನು ತೊಳೆಯುವವರು, ಹೊರಗೆ ಕರೆದೊಯ್ಯುವವರು ಮನೆಗೆಲಸದವರು. ಹೆದರಿದ ನಾಯಿಯ ಹಲ್ಲು ಮೊದಲು ನಾಟುವುದೂ ಅವರ ಕೈಗೇ. ಮರಿಯ ಮೊದಲ ಪಾಠವನ್ನು ಮನೆಯವರು ತಪ್ಪಿಸಿದರೆ ಅದರ ದಂಡವನ್ನು ಅವರು ತೆರಬೇಕೇ?

ಆಡಳಿತದ ಗಮನ ಇದುವರೆಗೆ ಸಂಖ್ಯೆ ಮತ್ತು ತಳಿಗಳ ಮೇಲಿದೆ. ಫ್ಲ್ಯಾಟಿಗೆ ಒಂದೇ ನಾಯಿ ಎಂಬ ಪಾಲಿಕೆಯ 2018ರ ನಿಯಮ ತೀವ್ರ ವಿರೋಧಕ್ಕೆ ಗುರಿಯಾಗಿ ಹಿಂದೆ ಸರಿಯಿತು. 23 ತಳಿಗಳನ್ನು ಉಗ್ರವೆಂದು ಗುರುತಿಸಿ ನಿಷೇಧಿಸಲು ಹೊರಟ ಕೇಂದ್ರದ 2024ರ ಮಾರ್ಚ್ ತಿಂಗಳ ಸುತ್ತೋಲೆಯನ್ನು, ಸಂಬಂಧಪಟ್ಟವರ ಅಹವಾಲು ಕೇಳಿಲ್ಲವೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ರದ್ದುಪಡಿಸಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗಕ್ಕೆ ಬಂದ ಐದು ಪಾಲಿಕೆಗಳು ಬೇರೊಂದು ದಾರಿ ಹಿಡಿಯಬಹುದು. ಸಾಕುನಾಯಿಯ ಪರವಾನಗಿಯನ್ನು ಶುಲ್ಕದ ರಸೀದಿಯಾಗಿಸದೆ, ಲಸಿಕೆಯ ದಾಖಲೆಯ ಜೊತೆಗೆ ಒಂದು ಗಂಟೆಯ ಆರೈಕೆಯ ಪಾಠವನ್ನೂ ಸೇರಿಸಲಿ. ಮಾರುವವರು ಆ ತಳಿ ಬೇಡುವ ನಿತ್ಯದ ಶ್ರಮ, ವೆಚ್ಚಗಳನ್ನು ಕನ್ನಡದಲ್ಲಿ ಬರೆದುಕೊಡುವುದು ಕಡ್ಡಾಯವಾಗಲಿ. ನಾಯಿಯಿಂದ ಹರಡುವ ರೇಬೀಸನ್ನು 2030ರೊಳಗೆ ತೊಡೆದುಹಾಕುವ ರಾಷ್ಟ್ರೀಯ ಗುರಿಗೂ ಇದು ಪೂರಕ.

ಕಾನೂನು ಎಷ್ಟೇ ಬಿಗಿಯಾದರೂ ಮನೆಯೊಳಗಿನ ಆ ಆರು ವಾರಗಳನ್ನು ಅದು ಕಾಯಲಾರದು. ಮರಿ ತರುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ತಳಿ ಯಾವುದು, ಬೆಲೆ ಎಷ್ಟು ಎಂಬುದಷ್ಟೇ ಅಲ್ಲ. ಪ್ರತಿದಿನ ಅದರ ಮೈ ಬಾಚುವವರು ಯಾರು ಎಂಬುದು. ಅದಕ್ಕೆ ಮನೆಯಲ್ಲಿ ಯಾರೂ ಕೈ ಎತ್ತದಿದ್ದರೆ ಮರಿಯನ್ನು ತರದಿರುವುದೇ ಪ್ರಾಣಿದಯೆ.