ಬೋಬಾತ್ ಹೆಸರಿನಲ್ಲಿ ಕಳೆದುಹೋಗುವ ಅರ್ಧ ಗಂಟೆ

2025ರ ಸೆಪ್ಟೆಂಬರ್‌ನಲ್ಲಿ ಫಿಸಿಯೋಥೆರಪಿ ಒಂದೆರಡು ದಿನ ದೇಶದ ಸುದ್ದಿಯಾಯಿತು. ಫಿಸಿಯೋಥೆರಪಿಸ್ಟರು ಹೆಸರಿನ ಮುಂದೆ ‘ಡಾ.’ ಹಾಕಿಕೊಳ್ಳುವಂತಿಲ್ಲ ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಪತ್ರ ಹೊರಡಿಸಿತು, ಮರುದಿನವೇ ಅದನ್ನು ವಾಪಸು ಪಡೆಯಿತು. ಆ ಒಂದಕ್ಷರಕ್ಕಾಗಿ ನಮ್ಮ ವೃತ್ತಿಯವರು ತೋರಿದ ಕಾವು ಇನ್ನೊಂದು ಪ್ರಶ್ನೆಗೂ ಬೇಕಿತ್ತು. ಲಕ್ವ ಹೊಡೆದವರ ಹಾಸಿಗೆಯ ಪಕ್ಕ ಕುಳಿತು ನಾವು ಕೊಡುವ ಚಿಕಿತ್ಸೆಗೆ ಆಧಾರವೇನು? ಅದೇ ವರ್ಷ ಈ ಪ್ರಶ್ನೆಗೆ ಬಹಳ ದೊಡ್ಡ ಉತ್ತರವೊಂದು ಪ್ರಕಟವಾಯಿತು. ಅದರ ಬಗ್ಗೆ ಯಾರೂ ಮನವಿ ಬರೆಯಲಿಲ್ಲ, ಧರಣಿ ಕೂರಲಿಲ್ಲ.

ಆ ಉತ್ತರ ಕಾಕ್ರೇನ್ ಸಂಸ್ಥೆಯ ಪರಾಮರ್ಶೆಯದು. ಪಾರ್ಶ್ವವಾಯುವಿನ ನಂತರದ ಫಿಸಿಯೋಥೆರಪಿಯ ಬಗ್ಗೆ ನಡೆದ 267 ಪ್ರಯೋಗಗಳನ್ನು, ಅವುಗಳಲ್ಲಿದ್ದ 21 ಸಾವಿರಕ್ಕೂ ಹೆಚ್ಚು ರೋಗಿಗಳ ಫಲಿತಾಂಶವನ್ನು ಒಟ್ಟಿಗೆ ಇಟ್ಟು ನೋಡಿದ್ದಾರೆ. ದಿನಬಳಕೆಯ ಕೆಲಸಗಳನ್ನೇ ಮತ್ತೆ ಮತ್ತೆ ಮಾಡಿಸುವ ತರಬೇತಿಯಿಂದ ಉಪಯೋಗವಿದೆ. ‘ನ್ಯೂರೋಫಿಸಿಯಾಲಜಿಕಲ್’ ಎಂಬ ಹೆಸರಿನಡಿ ಬರುವ ಪದ್ಧತಿಗಳು ಬೇರೆ ಪದ್ಧತಿಗಳಿಗಿಂತ ಹೆಚ್ಚೇನೂ ಅಲ್ಲ, ಬಹುಶಃ ಕಡಿಮೆ. ಆ ಹೆಸರಿನಡಿ ಬರುವುದು ಬೋಬಾತ್, ಬ್ರನ್‌ಸ್ಟ್ರಮ್, ಪಿಎನ್‌ಎಫ್, ರೂಡ್. ನಮ್ಮ ಕಾಲೇಜುಗಳಲ್ಲಿ ನರರೋಗ ವಿಭಾಗದ ಪಾಠವೆಂದರೆ ಬಹುಪಾಲು ಇವೇ. ಇವನ್ನು ಚಿಕಿತ್ಸೆಯ ಅಧ್ಯಾಯದಿಂದ ತೆಗೆದು ಇತಿಹಾಸದ ಅಧ್ಯಾಯಕ್ಕೆ ಸೇರಿಸಬೇಕು, ಅದೂ ತಡಮಾಡದೆ. ನನ್ನ ವಾದ ಇಷ್ಟೇ.

ಇತಿಹಾಸದಲ್ಲಿ ಅವಕ್ಕೆ ದೊಡ್ಡ ಜಾಗವಿದೆ. ಬರ್ಟಾ ಬೋಬಾತ್ ಬರ್ಲಿನ್‌ನಲ್ಲಿ ವ್ಯಾಯಾಮ ಕಲಿಸುತ್ತಿದ್ದ ಯಹೂದಿ ಹೆಣ್ಣುಮಗಳು. ನಾಜಿಗಳ ಕಾಲದಲ್ಲಿ ಊರು ಬಿಟ್ಟು ಲಂಡನ್ ಸೇರಿದರು. 1940ರ ದಶಕದಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಒಬ್ಬ ಭಾವಚಿತ್ರಕಾರರಿಗೆ ಚಿಕಿತ್ಸೆ ಕೊಡುತ್ತಾ, ಬಿಗಿದುಕೊಂಡ ಕೈಯನ್ನು ಕೆಲವು ಭಂಗಿಗಳಲ್ಲಿ ಹಿಡಿದರೆ ಅದು ಸಡಿಲವಾಗುವುದನ್ನು ಗಮನಿಸಿದರು. ಬಿದ್ದುಹೋದ ಕೈಯನ್ನು ಬಿದ್ದದ್ದೇ ಎಂದು ಬಿಟ್ಟು, ಚೆನ್ನಾಗಿರುವ ಬದಿಯಿಂದಲೇ ಬದುಕು ನಡೆಸುವುದನ್ನು ಕಲಿಸುತ್ತಿದ್ದ ಕಾಲ ಅದು. ಆ ಕೈಯಲ್ಲಿ ಇನ್ನೂ ಜೀವವಿದೆ ಎಂದು ಹಟ ಹಿಡಿದು ಹೇಳಿದ್ದು ಬರ್ಟಾ ಅವರ ದೊಡ್ಡತನ. ಅವರ ಪತಿ, ವೈದ್ಯ ಕರೆಲ್ ಬೋಬಾತ್, ಆ ಅನುಭವಕ್ಕೆ ಅಂದಿನ ನರವಿಜ್ಞಾನದ ವಿವರಣೆ ಕೊಟ್ಟರು. ತೊಡಕು ಶುರುವಾಗಿದ್ದು ಆ ವಿವರಣೆಯಿಂದ.

ಮೆದುಳಿನ ಮೇಲಿನ ಸ್ತರ ಕೆಳಗಿನ ಸ್ತರಗಳನ್ನು ಅದುಮಿ ಇಟ್ಟುಕೊಂಡಿರುತ್ತದೆ, ಪೆಟ್ಟು ಬಿದ್ದಾಗ ಕೆಳಗಿನ ಪ್ರತಿವರ್ತನಗಳು ಹತೋಟಿ ತಪ್ಪುತ್ತವೆ, ಅದರಿಂದಲೇ ಬಿಗಿತ, ಬಿಗಿತದಿಂದಲೇ ಚಲನೆಗೆ ಅಡ್ಡಿ. ಹ್ಯೂಲಿಂಗ್ಸ್ ಜಾಕ್ಸನ್, ಶೆರಿಂಗ್ಟನ್, ಮ್ಯಾಗ್ನಸ್ ಇವರ ಕೆಲಸದಿಂದ ಬಂದ ತಿಳಿವಳಿಕೆ ಇದು. ಹಾಗಾಗಿ ಬೋಬಾತ್ ಪದ್ಧತಿಯಲ್ಲಿ ಮೊದಲು ಬಿಗಿತವನ್ನು ತಗ್ಗಿಸಬೇಕು. ರೋಗಿ ತಾನಾಗಿ ಬಲ ಹಾಕಿದರೆ ಬಿಗಿತ ಹೆಚ್ಚುತ್ತದೆ, ಆದ್ದರಿಂದ ಬಲ ಹಾಕಿಸಬಾರದು. ತಪ್ಪು ರೀತಿಯಲ್ಲಿ ನಡೆದರೆ ತಪ್ಪೇ ರೂಢಿಯಾಗುತ್ತದೆ, ಆದ್ದರಿಂದ ನಡಿಗೆಗೆ ಆತುರಪಡಬಾರದು. ಮಡಚಿಕೊಂಡ ಮೊಣಕೈ, ಮುಷ್ಟಿ ಕಟ್ಟಿದ ಬೆರಳು, ಅರ್ಧಚಂದ್ರಾಕಾರವಾಗಿ ಬೀಸಿ ಇಡುವ ಕಾಲು, ಇವೆಲ್ಲ ದಮನವಾಗಬೇಕಾದ ವಿಕೃತಿಗಳು.

ಹೆಚ್ಚುಕಮ್ಮಿ ಅದೇ ಕಾಲದಲ್ಲಿ ಅಮೆರಿಕದಲ್ಲಿ, ಸ್ವೀಡನ್ ಮೂಲದ ಸಿಗ್ನೆ ಬ್ರನ್‌ಸ್ಟ್ರಮ್ ತದ್ವಿರುದ್ಧವಾದದ್ದನ್ನು ಹೇಳುತ್ತಿದ್ದರು. ಆ ಮಡಚುವ, ಚಾಚುವ ಕಚ್ಚಾ ಚಲನೆಗಳು ಚೇತರಿಕೆಯ ಮೆಟ್ಟಿಲುಗಳು, ಮೊದಮೊದಲು ಅವನ್ನು ಕೆರಳಿಸಿಯೇ ಬಳಸಿಕೊಳ್ಳಿ ಎಂದರು. ಇಬ್ಬರ ಪುಸ್ತಕಗಳೂ 1970ರಲ್ಲೇ ಬಂದವು. ಒಬ್ಬರು ‘ಇದನ್ನು ತಡೆಯಿರಿ’ ಎಂದದ್ದನ್ನೇ ಇನ್ನೊಬ್ಬರು ‘ಇದನ್ನು ಎಬ್ಬಿಸಿ’ ಎಂದಿದ್ದಾರೆ. ನಮ್ಮ ವಿದ್ಯಾರ್ಥಿ ಒಂದೇ ವರ್ಷದಲ್ಲಿ ಎರಡನ್ನೂ ಓದುತ್ತಾನೆ, ಒಂದೇ ಪರೀಕ್ಷೆಯಲ್ಲಿ ಎರಡರ ತತ್ವಗಳನ್ನೂ ಬರೆದು ಅಂಕ ಪಡೆಯುತ್ತಾನೆ. ಇವೆರಡೂ ಒಟ್ಟಿಗೆ ನಿಜವಾಗಿರಲು ಹೇಗೆ ಸಾಧ್ಯ ಎಂದು ಅವನನ್ನು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ. ಆಮೇಲೆ ಆಸ್ಪತ್ರೆಯಲ್ಲಿ ಅವನು ಕೇಸ್‌ಶೀಟಿನಲ್ಲಿ ಬ್ರನ್‌ಸ್ಟ್ರಮ್ ಹಂತ ಬರೆದು, ಚಿಕಿತ್ಸೆಯ ಕಾಲಂನಲ್ಲಿ ಬೋಬಾತ್ ಎಂದು ಬರೆಯುತ್ತಾನೆ. ವಿಜ್ಞಾನ ಕಲಿಸುತ್ತೇವೆನ್ನುವ ಜಾಗದಲ್ಲಿ ಇದು ನಡೆಯುತ್ತಿದೆ ಎಂಬುದು ನನ್ನನ್ನು ನಿಜವಾಗಿಯೂ ನೋಯಿಸುತ್ತದೆ.

ಹಾಗಾದರೆ ಇಬ್ಬರ ರೋಗಿಗಳೂ ಸುಧಾರಿಸಿದ್ದು ಹೇಗೆ? ಪಾರ್ಶ್ವವಾಯುವಿನ ಮೊದಲ ವಾರಗಳಲ್ಲಿ ಮೆದುಳು ತನ್ನಷ್ಟಕ್ಕೆ ತಾನೇ ಸಾಕಷ್ಟು ಚೇತರಿಸಿಕೊಳ್ಳುತ್ತದೆ. ಸುಮಾರು 1,200 ರೋಗಿಗಳನ್ನು ಬೆನ್ನುಹತ್ತಿ ನೋಡಿದ ಕೋಪನ್‌ಹೇಗನ್ ಅಧ್ಯಯನ 1995ರಲ್ಲಿ ಪ್ರಕಟವಾಯಿತು; ದಿನನಿತ್ಯದ ಕೆಲಸಗಳಲ್ಲಿ ಆಗುವ ಸುಧಾರಣೆ ನೂರಕ್ಕೆ 95 ಜನರಲ್ಲಿ ಮೂರು ತಿಂಗಳ ಆಸುಪಾಸಿನಲ್ಲೇ ತುದಿ ಮುಟ್ಟಿತ್ತು. ಆ ಮೂರು ತಿಂಗಳಲ್ಲಿ ಎಣ್ಣೆ ನೀವಿದವರಿಗೂ ಕೀರ್ತಿ ಬರುತ್ತದೆ, ‘ಕರೆಂಟು ಕೊಟ್ಟವರಿಗೂ’ ಬರುತ್ತದೆ, ಬೋಬಾತ್ ಮಾಡಿದವರಿಗೂ ಬರುತ್ತದೆ. ಆದ್ದರಿಂದಲೇ ‘ನನ್ನ ಕೈಯಲ್ಲಿ ಎಷ್ಟೋ ಜನ ಎದ್ದು ನಡೆದಿದ್ದಾರೆ’ ಎಂಬ ಹಿರಿಯರ ಮಾತು ಎಷ್ಟೇ ಪ್ರಾಮಾಣಿಕವಾಗಿದ್ದರೂ ಪುರಾವೆಯಾಗುವುದಿಲ್ಲ. ಎರಡು ಗುಂಪು ಮಾಡಿ ಹೋಲಿಸಬೇಕು.

ಹೋಲಿಸಿದ್ದಾರೆ, ಕಾಲು ಶತಮಾನದಿಂದ. 2000ದಲ್ಲಿ ನಾರ್ವೆಯಲ್ಲಿ 61 ರೋಗಿಗಳನ್ನು ಎರಡು ಪಾಲು ಮಾಡಿ, ಒಂದಕ್ಕೆ ಬೋಬಾತ್, ಇನ್ನೊಂದಕ್ಕೆ ಸಿಡ್ನಿಯ ಜಾನೆಟ್ ಕಾರ್ ಮತ್ತು ರಾಬರ್ಟಾ ಶೆಫರ್ಡ್ ರೂಪಿಸಿದ, ದಿನಬಳಕೆಯ ಕೆಲಸಗಳನ್ನೇ ಅಭ್ಯಾಸ ಮಾಡಿಸುವ ಮೋಟಾರ್ ರೀಲರ್ನಿಂಗ್ ತರಬೇತಿ ಕೊಟ್ಟರು. ಎರಡನೆಯ ಗುಂಪು ಆಸ್ಪತ್ರೆಯಲ್ಲಿ ಇದ್ದದ್ದು ಸರಾಸರಿ 21 ದಿನ, ಬೋಬಾತ್ ಗುಂಪು 34 ದಿನ. (ವರ್ಷಗಳು ಕಳೆದ ಮೇಲೆ ಆ ಅಂತರ ಉಳಿಯಲಿಲ್ಲ, ಅದನ್ನೂ ಹೇಳಬೇಕು. ಆದರೆ 13 ದಿನದ ಹಾಸಿಗೆ ಬಾಡಿಗೆ ನಮ್ಮಲ್ಲಿ ಒಂದು ಕುಟುಂಬದ ಸಾಲವಾಗುತ್ತದೆ.) 2009ರ ಪರಾಮರ್ಶೆ 16 ಅಧ್ಯಯನಗಳನ್ನು ನೋಡಿ ಬೋಬಾತ್ ಮೇಲು ಎನ್ನಲು ಆಧಾರವಿಲ್ಲ ಎಂದಿತು. 2020ರಲ್ಲಿ ಕಾಲಿನ ಬಗ್ಗೆ, 2023ರಲ್ಲಿ ಕೈಯ ಬಗ್ಗೆ ಬಂದ ಆಸ್ಟ್ರೇಲಿಯಾದ ಪರಾಮರ್ಶೆಗಳು ಶೀರ್ಷಿಕೆಯಲ್ಲೇ, ಕೆಲಸಾಧಾರಿತ ತರಬೇತಿಗಿಂತ ಬೋಬಾತ್ ಕೀಳು ಎಂದು ಬರೆದವು. ಸಂಶೋಧಕರು ಅಷ್ಟು ನೇರವಾಗಿ ಬರೆಯುವುದು ಅಪರೂಪ.

ಸಿದ್ಧಾಂತದ ಬುಡವೂ ಅಷ್ಟರಲ್ಲಿ ಕಳಚಿತ್ತು. ಲಕ್ವ ಹೊಡೆದವರನ್ನು ಹೆಚ್ಚಾಗಿ ಕಟ್ಟಿಹಾಕುವುದು ಬಿಗಿತವಲ್ಲ, ಸ್ನಾಯುವಿನ ಬಲಹೀನತೆ ಮತ್ತು ಚಲನೆಯನ್ನು ಹೊಂದಿಸುವ ಕುಶಲತೆಯ ನಷ್ಟ. ಬಲ ಹೆಚ್ಚಿಸುವ ವ್ಯಾಯಾಮದಿಂದ ಬಿಗಿತ ಏರುವುದಿಲ್ಲ, ಬಲ ಮಾತ್ರ ಬರುತ್ತದೆ ಎಂದು 2006ರಷ್ಟು ಹಿಂದೆಯೇ ಹಲವು ಪ್ರಯೋಗಗಳನ್ನು ಸೇರಿಸಿ ತೋರಿಸಿದ್ದಾರೆ. ಇಷ್ಟಾದರೂ ನಮ್ಮ ವಾರ್ಡುಗಳಲ್ಲಿ ‘ಅಮ್ಮಾ, ಬಲ ಹಾಕಬೇಡಿ, ಸಡಿಲ ಬಿಡಿ, ನಾನು ಮಾಡ್ತೀನಿ’ ಎಂಬ ಮಾತು ಕೇಳಿಸುತ್ತಲೇ ಇದೆ.

ಮೆದುಳು ಬದಲಾಗುವುದು ಮಾಡಿದಾಗ, ಮಾಡಿಸಿಕೊಂಡಾಗ ಅಲ್ಲ. ಅದೂ ಹತ್ತಿಪ್ಪತ್ತು ಸಲ ಸಾಲದು. ಅಮೆರಿಕ ಮತ್ತು ಕೆನಡಾದಲ್ಲಿ 312 ಚಿಕಿತ್ಸಾ ಅವಧಿಗಳನ್ನು ಪಕ್ಕದಲ್ಲಿ ನಿಂತು ಎಣಿಸಿದವರಿದ್ದಾರೆ. ಕೈಯ ಕೆಲಸ ಮಾಡಿಸಿದ ಅವಧಿಯೊಂದರಲ್ಲಿ ರೋಗಿ ಸರಾಸರಿ 32 ಸಲ ಮಾತ್ರ ಅದನ್ನು ಮಾಡಿದ್ದ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮೆದುಳಿನ ನಕ್ಷೆ ಬದಲಾಗಿದ್ದು ದಿನಕ್ಕೆ ನೂರಾರು ಸಲ ಮಾಡಿಸಿದಾಗ. ಮೆಲ್ಬರ್ನಿನ ಪಾರ್ಶ್ವವಾಯು ವಾರ್ಡುಗಳಲ್ಲಿ ಹಗಲಿಡೀ ಗಮನಿಸಿದಾಗ ರೋಗಿಗಳು ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಸಿಗೆಯಲ್ಲೇ ಇದ್ದರು, ಅರ್ಧಕ್ಕಿಂತ ಹೆಚ್ಚು ಹೊತ್ತು ಒಬ್ಬಂಟಿಯಾಗಿದ್ದರು. ಅಂಥ ಸಿರಿವಂತ ದೇಶದ ವಾರ್ಡೇ ಹೀಗಿರುವಾಗ ನಮ್ಮಲ್ಲಿ ಸಿಗುವ ಅರ್ಧ ಗಂಟೆ ಎಷ್ಟು ಅಮೂಲ್ಯ ಎಂದು ಯೋಚಿಸಿ. ಆ ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ಭುಜದ ಮೂಳೆಯನ್ನು ಹಿಡಿದು ‘ಟೋನ್’, ಅಂದರೆ ಸ್ನಾಯುವಿನ ಬಿಗಿತ, ಸರಿಪಡಿಸುವುದರಲ್ಲಿ ಕಳೆದರೆ, ರೋಗಿ ಕುರ್ಚಿಯಿಂದ ಏಳುವುದನ್ನು ಐವತ್ತು ಸಲ ಮಾಡುವುದು ಯಾವಾಗ?

ಕೆಲಸ ಯಾವುದು ಎಂಬುದೂ ಮುಖ್ಯ. ಪರದೇಶದ ಪುಸ್ತಕದಲ್ಲಿ ಚಮಚ ಹಿಡಿಯುವುದು, ಬಾಗಿಲ ಹಿಡಿ ತಿರುಗಿಸುವುದು ಇರುತ್ತದೆ. ಮಂಡ್ಯದ ಹಳ್ಳಿಯ ಹಿರಿಯರಿಗೆ ಬೇಕಿರುವುದು ಮುದ್ದೆ ಮುರಿದು ಸಾರಿಗೆ ಅದ್ದುವ ಬೆರಳು. ಲುಂಗಿ ಬಿಗಿಯುವುದು, ಸೀರೆಯ ನೆರಿಗೆ ಹಿಡಿಯುವುದು, ಚೊಂಬಿನಿಂದ ನೀರು ಹೊಯ್ದುಕೊಳ್ಳುವುದು, ನೆಲದಿಂದ ಏಳುವುದು, ಹೊಸ್ತಿಲು ದಾಟುವುದು, ಕುಕ್ಕರಗಾಲಿನಲ್ಲಿ ಕೂತು ಎದ್ದುಬರುವುದು. ಬಲಗೈ ಬಿದ್ದವರಿಗೆ ನಾಲ್ಕು ಜನರೆದುರು ಎಡಗೈಯಲ್ಲಿ ಉಣ್ಣುವುದು ಮುಜುಗರದ ಸಂಗತಿ. ಮದುವೆ ಮನೆಗೆ ಹೋಗುವುದನ್ನೇ ಬಿಟ್ಟವರನ್ನು ನೋಡಿದ್ದೇನೆ. ಇವುಗಳನ್ನು ಹಂತಹಂತವಾಗಿ ಹೇಗೆ ಕಲಿಸಬೇಕು, ಎಷ್ಟು ಸಲ, ಎಷ್ಟು ಕಷ್ಟಕ್ಕೆ ಏರಿಸುತ್ತಾ, ಎಂಬುದೇ ನಮ್ಮ ಪಠ್ಯವಾಗಬೇಕಿತ್ತು. ಕಾರ್ ಮತ್ತು ಶೆಫರ್ಡ್ ತಮ್ಮ ಪುಸ್ತಕ ಬರೆದದ್ದು 1982ರಲ್ಲಿ. ಅಂದಿನಿಂದ ದಾರಿ ತೆರೆದೇ ಇದೆ.

ಬೋಬಾತ್ ಪರವಾದ ವಾದಗಳನ್ನು ನಾನು ಗೌರವದಿಂದಲೇ ಕೇಳಿದ್ದೇನೆ. ಮೊದಲನೆಯದು, ‘ಈಗಿನ ಬೋಬಾತ್ ಬದಲಾಗಿದೆ, ನೀವು ಟೀಕಿಸುತ್ತಿರುವುದು ಹಳೆಯದನ್ನು’ ಎಂಬುದು. ಬದಲಾಗಿ ಏನಾಗಿದೆ ಎಂದು ಕೇಳಿದರೆ, ಈಗ ಬಲವನ್ನೂ ಹಾಕಿಸುತ್ತೇವೆ, ಕೆಲಸಗಳನ್ನೂ ಮಾಡಿಸುತ್ತೇವೆ ಎನ್ನುತ್ತಾರೆ. ಒಳ್ಳೆಯದೇ. ಆದರೆ ಎದುರಾಳಿಯ ಪದ್ಧತಿಯನ್ನೆಲ್ಲ ಒಳಗೆ ಸೇರಿಸಿಕೊಂಡ ಮೇಲೆ ಹಳೆಯ ಹೆಸರು ಉಳಿಯುವುದು ಯಾತಕ್ಕೆ? ಪ್ರಯೋಗದಲ್ಲಿ ಸೋತಾಗಲೆಲ್ಲ ‘ಅದು ನಿಜವಾದ ಬೋಬಾತ್ ಅಲ್ಲ’ ಎನ್ನಬಹುದಾದರೆ, ಆ ಪದ್ಧತಿಯನ್ನು ಯಾರೂ ಎಂದೂ ಪರೀಕ್ಷಿಸಲು ಆಗುವುದಿಲ್ಲ. ಉಳಿದದ್ದು ಸರ್ಟಿಫಿಕೇಟ್ ಕೋರ್ಸುಗಳ ವ್ಯಾಪಾರ. ಈಗಷ್ಟೇ ಓದು ಮುಗಿಸಿ ಸಣ್ಣ ಸಂಬಳಕ್ಕೆ ಸೇರಿದ ಹುಡುಗ ಹುಡುಗಿಯರು ತಿಂಗಳುಗಟ್ಟಲೆ ಉಳಿಸಿದ್ದನ್ನು ಅಲ್ಲಿ ಸುರಿಯುತ್ತಾರೆ.

ಎರಡನೆಯದು ಚಲನೆಯ ಗುಣಮಟ್ಟದ ವಾದ: ಹೇಗೋ ಒಂದು ರೀತಿ ನಡೆಸಿಬಿಟ್ಟರೆ ಸೊಟ್ಟ ನಡಿಗೆಯೇ ಗಟ್ಟಿಯಾಗುತ್ತದೆ ಎಂಬುದು. ಈ ಕಾಳಜಿಯಲ್ಲಿ ಹುರುಳಿದೆ, ಭುಜವನ್ನು ಜೋಪಾನವಾಗಿ ಹಿಡಿಯುವುದನ್ನು ನಮಗೆ ಕಲಿಸಿದವರಲ್ಲಿ ಬೋಬಾತ್ ಪರಂಪರೆಯವರೂ ಇದ್ದಾರೆ. ಆದರೆ ಸುಂದರವಾದ ನಡಿಗೆಗಾಗಿ ಕಾಯಿಸಿದ ಗುಂಪು ಕೊನೆಗೆ ಹೆಚ್ಚು ಸುಂದರವಾಗಿ ನಡೆಯಿತು ಎಂದಾದರೂ ತೋರಬೇಕಿತ್ತು. ತೋರಿಲ್ಲ. ತೀರ್ಥಹಳ್ಳಿಯ ಇಳಿಜಾರಿನಲ್ಲಿ ಮನೆಯಿರುವವರಿಗೆ ಈಗಲೇ ಕೊಟ್ಟಿಗೆಯ ತನಕ ಹೋಗಬೇಕು, ಕೋಲು ಹಿಡಿದೇ ಆಗಲಿ.

ಹಾಗೆಂದು ಹೆಚ್ಚು ಮಾಡಿಸಿದಷ್ಟೂ ಒಳ್ಳೆಯದು ಎಂದು ಕಣ್ಣುಮುಚ್ಚಿ ಹೇಳುವಂತಿಲ್ಲ. ಐದು ದೇಶಗಳ 2,104 ರೋಗಿಗಳ ಮೇಲೆ ನಡೆದ ಅವರ್ಟ್ ಪ್ರಯೋಗ, ಮೊದಲ 24 ಗಂಟೆಯೊಳಗೇ ಪದೇಪದೇ ಎಬ್ಬಿಸಿ ನಿಲ್ಲಿಸಿದರೆ ಫಲಿತಾಂಶ ಕೆಡುತ್ತದೆ ಎಂದು 2015ರಲ್ಲಿ ತೋರಿಸಿತು. ಮನೆಯವರಿಗೆ ಕಲಿಸಿ ಕಳಿಸಿದರೆ ಸಾಕು ಎಂಬ ಅಗ್ಗದ ಪರಿಹಾರವೂ ನಡೆಯಲಿಲ್ಲ. ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳೊಂದಿಗೆ ನಡೆದ ಅಟೆಂಡ್ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಕುಟುಂಬದವರೇ ವ್ಯಾಯಾಮ ಮಾಡಿಸಿದ ಗುಂಪಿನಲ್ಲೂ, ಉಳಿದವರಲ್ಲೂ, ಆರು ತಿಂಗಳ ಹೊತ್ತಿಗೆ ತೀರಿಹೋದವರು ಅಥವಾ ಪರಾವಲಂಬಿಗಳಾದವರು ನೂರಕ್ಕೆ 47. ಸರ್ಕಾರಗಳು ಇದನ್ನು ಚೆನ್ನಾಗಿ ಓದಬೇಕು. ಹೆಂಡತಿಯನ್ನೋ ಸೊಸೆಯನ್ನೋ ಸಂಬಳವಿಲ್ಲದ ಫಿಸಿಯೋ ಮಾಡಿಬಿಟ್ಟರೆ ಕೆಲಸ ಮುಗಿಯುವುದಿಲ್ಲ. ಮನೆಯವರ ನೆರವು ಬೇಕು, ಆದರೆ ತರಬೇತಿ ಪಡೆದವರ ಸಮಯಕ್ಕೆ ಅದು ಬದಲಿಯಾಗದು.

‘ಮೂರು ತಿಂಗಳಾಯಿತು, ಇನ್ನೇನೂ ಇಲ್ಲ’ ಎಂದು ಕೈಚೆಲ್ಲುವುದೂ ತಪ್ಪು. ಪಾರ್ಶ್ವವಾಯುವಾಗಿ ಮೂರರಿಂದ ಒಂಬತ್ತು ತಿಂಗಳಾದ 222 ರೋಗಿಗಳಲ್ಲಿ, ಚೆನ್ನಾಗಿರುವ ಕೈಗೆ ಗವಸು ಹಾಕಿ ಬಿದ್ದ ಕೈಯಿಂದಲೇ ದಿನಕ್ಕೆ ಗಂಟೆಗಟ್ಟಲೆ ಕೆಲಸ ಮಾಡಿಸಿದಾಗ ಸುಧಾರಣೆ ಕಂಡಿತು ಎಂದು 2006ರ ಎಕ್ಸೈಟ್ ಪ್ರಯೋಗ ಹೇಳಿದೆ. ಬೆರಳು, ಮಣಿಕಟ್ಟು ಸ್ವಲ್ಪವಾದರೂ ಅಲ್ಲಾಡುವವರಿಗೆ ಮಾತ್ರ ಇದು ಆಗುತ್ತದೆ, ನಿಜ. ಆದರೆ ಅಂಥವರು ಎಷ್ಟೋ ಜನ ಊರುಗಳಲ್ಲಿ ಜಗಲಿ ಮೇಲೆ ಕುಳಿತಿದ್ದಾರೆ.

ಹಾಗಾಗಿ ನನ್ನ ಬೇಡಿಕೆಗಳು ಇವು. ಪೂರಕ ಆರೋಗ್ಯ ವೃತ್ತಿಗಳ ಕುರಿತ 2021ರ ಕಾಯ್ದೆಯಿಂದ ರಚನೆಯಾದ ರಾಷ್ಟ್ರೀಯ ಆಯೋಗಕ್ಕೆ ಈಗ ಫಿಸಿಯೋಥೆರಪಿಯ ಪಠ್ಯವನ್ನು ದೇಶಕ್ಕೆಲ್ಲ ಒಂದೇ ಮಾಡುವ ಅಧಿಕಾರವಿದೆ. ಪದ್ಧತಿಗಳ ಹೆಸರಿನ ಪ್ರಶ್ನೆಗಳನ್ನು ಅದು ಪರೀಕ್ಷೆಯಿಂದ ತೆಗೆಯಲಿ, ಪ್ರಯೋಗಗಳನ್ನು ಓದಿ ಅಳೆಯುವುದನ್ನು ಕಲಿಸಲಿ. 2022ರಲ್ಲಿ ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ ಶುರುಮಾಡಿದ ಬ್ರೈನ್ ಹೆಲ್ತ್ ಯೋಜನೆ ರೋಗ ಪತ್ತೆ, ತುರ್ತು ಚಿಕಿತ್ಸೆಗಳಲ್ಲೇ ನಿಲ್ಲದೆ ಆಮೇಲಿನ ತಿಂಗಳುಗಳಿಗೂ ಚಾಚಲಿ. ಆಯುಷ್ಮಾನ್ ಯೋಜನೆಯಡಿ ದಾಖಲಾದ ರೋಗಿಯ ಆಸ್ಪತ್ರೆ ಖರ್ಚು ಸಿಗುತ್ತದೆ. ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ಬೇಕಾಗುವ ಹೊರರೋಗಿ ಫಿಸಿಯೋಥೆರಪಿಗೆ ಸಿಗುವುದಿಲ್ಲ. ಆ ಹಣವನ್ನು ಸರ್ಕಾರ ಕೊಡಲೇಬೇಕು, ಕೊಡುವಾಗ ಲೆಕ್ಕವನ್ನೂ ಕೇಳಬೇಕು: ಈ ರೋಗಿಯಿಂದ ಈ ದಿನ ಏನು ಮಾಡಿಸಿದಿರಿ, ಎಷ್ಟು ಸಲ, ಕಳೆದ ವಾರಕ್ಕಿಂತ ಎಷ್ಟು ಹೆಚ್ಚು. ಅಲ್ಲಿಯ ತನಕ ಈ ಮೂರು ಪ್ರಶ್ನೆಗಳನ್ನು ಮನೆಯವರೇ ದಿನವೂ ಕೇಳಲಿ. ಕೇಳಿದವರ ಮೇಲೆ ಯಾವ ಒಳ್ಳೆಯ ಫಿಸಿಯೋವೂ ಬೇಸರ ಮಾಡಿಕೊಳ್ಳುವುದಿಲ್ಲ.