ಷೇರು ನಮ್ಮದು, ಸೊಸೈಟಿ ಯಾರದು?



ನಮ್ಮಪ್ಪ ಊರಿನ ವ್ಯವಸಾಯ ಸೇವಾ ಸಹಕಾರ ಸಂಘದ ಸದಸ್ಯ. ಷೇರಿನ ರಸೀದಿ ಮನೆಯ ತಗಡಿನ ಟ್ರಂಕಿನಲ್ಲಿದೆ. ಆದರೆ ನನಗೆ ಬುದ್ಧಿ ಬಂದಾಗಿನಿಂದ ಅಪ್ಪ ಸಂಘದ ಸಭೆಗೆ ಹೋಗಿ ಕೂತದ್ದನ್ನು ನಾನು ಕಂಡಿಲ್ಲ. ಸಭೆಯೇ ಅಪ್ಪನ ಹತ್ತಿರ ಬರುತ್ತಿತ್ತು. ಸಂಘದ ಜವಾನ ಸಂಜೆ ಹೊತ್ತು ಕೇರಿಗೆ ಬಂದು, ಮಾರು ದೂರ ನಿಂತು, 'ಬಾರೋ, ಇಲ್ಲೊಂದು ಬೆರಳೊತ್ತು' ಅಂತ ಪುಸ್ತಕ ಚಾಚುತ್ತಿದ್ದ. ಅಪ್ಪ ಒತ್ತುತ್ತಿದ್ದ. ಬಿ.ಎ. ಓದುವಾಗ ರಜಕ್ಕೆ ಹೋದವನು ಒಂದು ಸಲ ಆ ಪುಸ್ತಕ ಈಸಿಕೊಂಡು ಓದಿದೆ. ಅದು ಸರ್ವ ಸದಸ್ಯರ ಸಭೆಯ ನಡವಳಿ ಪುಸ್ತಕ. 'ಲೆಕ್ಕಪತ್ರಗಳನ್ನು ಓದಿ ಸರ್ವಾನುಮತದಿಂದ ಅಂಗೀಕರಿಸಲಾಯಿತು' ಅಂತ ಬರೆದಿತ್ತು. ಆ ಸರ್ವಾನುಮತದಲ್ಲಿ ನಮ್ಮಪ್ಪನ ಹೆಬ್ಬೆಟ್ಟೂ ಒಂದು.

ಸಹಕಾರ ಅನ್ನುವುದು ದೊಡ್ಡವರ ಯೋಚನೆ ಅಲ್ಲ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ನೇಕಾರರೇ ಮೊದಲಾದ 28 ಮಂದಿ ಕಾಸು ಕೂಡಿಸಿ ಅಂಗಡಿ ಇಟ್ಟರು. ಯಾರ ದುಡ್ಡು ಎಷ್ಟಾದರೂ ಇರಲಿ, ಓಟು ಮಾತ್ರ ಒಂದೇ ಅಂದರು. ನಮ್ಮಲ್ಲಿ 1904ರಲ್ಲಿ ಕಾಯ್ದೆ ಬಂತು. ಮರುವರ್ಷವೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ರೈತರ ಪತ್ತಿನ ಸಂಘ ಕಟ್ಟಿದರು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಕೂಡ ಷೇರು ಒಂದಿರಲಿ, ನೂರಿರಲಿ, ಒಬ್ಬ ಸದಸ್ಯನಿಗೆ ಒಂದೇ ಮತ ಅಂತ ಹೇಳುತ್ತದೆ.

ಹಾಗಾದರೆ ನಮ್ಮಪ್ಪನ ಆ ಒಂದು ಮತ ಎಲ್ಲಿ ಹೋಯಿತು?

1949ರ ನವೆಂಬರ್ 25ರಂದು ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು: ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ, ಇಂಥ ವಿರೋಧದೊಳಗೆ ನಾವು ಕಾಲಿಡುತ್ತಿದ್ದೇವೆ ಅಂತ. ಆ ವಿರೋಧವನ್ನು ನೋಡಬೇಕಾದರೆ ದಿಲ್ಲಿಗೆ ಹೋಗಬೇಕಿಲ್ಲ, ನಿಮ್ಮೂರ ಸೊಸೈಟಿ ಬಾಗಿಲಿಗೆ ಹೋಗಿ.

ಬೆಳೆಸಾಲಕ್ಕೆ ಪಹಣಿ ಬೇಕು. ಪಹಣಿಗೆ ಭೂಮಿ ಬೇಕು. ಭೂಮಿ ಯಾರದು? 2023ರ ರಾಜ್ಯ ಬಜೆಟ್ಟಿನಲ್ಲಿ ಬಡ್ಡಿಯಿಲ್ಲದ ಸಾಲದ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಒಳ್ಳೆಯದೆ. ಆದರೆ ಕೂಲಿಯವನ ಮನೆಗೆ ಆ ಐದು ಲಕ್ಷದ ಗಾಳಿಯೂ ಬೀಸಲಿಲ್ಲ. ಪತ್ತಿನ ಸಂಘಗಳನ್ನು ಪರಿಶೀಲಿಸಿದ ವೈದ್ಯನಾಥನ್ ಕಾರ್ಯಪಡೆ 2005ರಲ್ಲೇ ಹೇಳಿತು: ಸಂಘಗಳು ಸಾಲಗಾರರ ಕೈಯಲ್ಲಿವೆ, ಠೇವಣಿ ಇಟ್ಟವರಿಗೂ ಪೂರ್ಣ ಸದಸ್ಯತ್ವ, ಮತ ಕೊಡಿ ಅಂತ.

ಆಡಳಿತ ಮಂಡಳಿಯಲ್ಲಿ ನಮಗೂ ಮೀಸಲು ಸೀಟಿದೆಯಲ್ಲ ಅಂತೀರಾ? ಇದೆ. ಅದಕ್ಕೆ ಹೆಸರು ಬರೆಯುವವರು ಯಾರು? ಚುನಾವಣೆಗೆ ಮುಂಚೆ ಯಜಮಾನರ ಜಗಲಿಯಲ್ಲಿ ಪಟ್ಟಿ ತಯಾರಾಗುತ್ತದೆ, 'ಅವಿರೋಧ ಆಯ್ಕೆ' ಅಂತ ಪೇಪರಿನಲ್ಲಿ ಬರುತ್ತದೆ, ಹಾರ ಬೀಳುತ್ತದೆ. ನಮ್ಮ ಕೇರಿಯ ನಿರ್ದೇಶಕ ಮಾರನೆ ದಿನ ಅದೇ ಯಜಮಾನರ ಹೊಲಕ್ಕೆ ಕೂಲಿಗೆ ಹೋಗಬೇಕು. ಅವನು ಬಾಯಿ ಬಿಡಲಿಲ್ಲ ಅಂತ ಬೈಯುವ ಮುಂಚೆ ಇದನ್ನು ನೆನೆಯಿರಿ.

ಇನ್ನೊಂದು ಹುನ್ನಾರ ಕೇಳಿ. 2011ರ 97ನೇ ತಿದ್ದುಪಡಿ ಸಹಕಾರ ಸಂಘ ಕಟ್ಟುವುದನ್ನು ಮೂಲಭೂತ ಹಕ್ಕು ಮಾಡಿತು. ರಾಜ್ಯಗಳ ಶಾಸನಸಭೆಗಳ ಒಪ್ಪಿಗೆ ಪಡೆದಿಲ್ಲ ಅಂತ 2021ರಲ್ಲಿ ಸುಪ್ರೀಂ ಕೋರ್ಟು ರಾಜ್ಯದ ಸಂಘಗಳ ಮಟ್ಟಿಗೆ ಅದರ ಒಂದು ಭಾಗವನ್ನು ತೆಗೆದುಹಾಕಿತು. ಆದರೆ ಅಷ್ಟರಲ್ಲಿ, 2013ರ ಹೊತ್ತಿಗೆ, ಕರ್ನಾಟಕ ತನ್ನದೇ ಕಾಯ್ದೆ ತಿದ್ದಿತ್ತು: ಇಂತಿಷ್ಟು ಸಭೆಗೆ ಬಾರದ, ಇಂತಿಷ್ಟು ವ್ಯವಹಾರ ಮಾಡದ ಸದಸ್ಯನಿಗೆ ಮತವಿಲ್ಲ. ಕೇಳಲಿಕ್ಕೆ ಸರಿಯಾಗೇ ಇದೆ. ಆದರೆ ಹಾಜರಿ ಪುಸ್ತಕ ಯಾರ ಕಂಕುಳಲ್ಲಿದೆ? ಬೇಕಾದವನ ಮನೆಗೆ ಪುಸ್ತಕ ಹೋಗುತ್ತದೆ, ಅವನು ಹಾಜರ್. ಬೇಡದವನಿಗೆ ನೋಟೀಸೇ ಹೋಗುವುದಿಲ್ಲ, ಅವನು ಗೈರು. ಪುಸ್ತಕ ಹಿಡಿದವನೇ ಸಂಘ ಹಿಡಿದವನು. ಓಟಿನ ದಿನಕ್ಕೆ ಮುಂಚೆಯೇ ಓಟು ಮುಗಿದಿರುತ್ತದೆ.

ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ಕ್ರಾಂತಿ ಮಾತಾಡುವ ನಾವು ಒಂದು ಅಢಾವೆ ಪತ್ರಿಕೆ ಓದಲಾರೆವು. ನಾನೂ ಓದಲಾರದವನೇ ಆಗಿದ್ದೆ. ಕವಿತೆಯಲ್ಲಿ ಬೆಂಕಿ ಇಟ್ಟೆ, ಸೊಸೈಟಿಯ ಲೆಕ್ಕದ ಪುಟ ಮಾತ್ರ ತಣ್ಣಗೆ ಹಾಗೇ ಇತ್ತು. ನಮ್ಮ ಅಪ್ಪಂದಿರು ಬೆವರು ಮಾರಿ ನಮಗೆ ಅಕ್ಷರ ಕೊಡಿಸಿದ್ದು ಎಂಥದಕ್ಕೆ?

ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಸೊಸೈಟಿಗಳ ಮಹಾಸಭೆ. ಆ ಹೊತ್ತಿಗೆ ಊರಿಗೆ ಹೋಗಿ. ಕೇರಿಯಲ್ಲಿ ಯಾರು ಸದಸ್ಯರು, ಯಾರ ಹೆಸರು ಮತದಾರರ ಪಟ್ಟಿಯಿಂದ ಬಿದ್ದಿದೆ ಬರೆದುಕೊಳ್ಳಿ. ನೋಟೀಸು, ಆಡಿಟ್ ವರದಿ, ಬೈಲಾ ಕೇಳಿಸಿ. ಕೊಡದಿದ್ದರೆ ಬರೆದು ಕೇಳಿಸಿ. ಸರ್ಕಾರದ ದೊಡ್ಡ ಹಣವಿಲ್ಲದ ಸಹಕಾರ ಸಂಘ ಮಾಹಿತಿ ಹಕ್ಕು ಕಾಯ್ದೆಗೆ ನೇರವಾಗಿ ಬರುವುದಿಲ್ಲ ಅಂತ 2013ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ನಿಜ. ಆದರೆ ರಿಜಿಸ್ಟ್ರಾರ್ ಕಚೇರಿ ಸರ್ಕಾರದ್ದು. ಅಲ್ಲಿರುವ ಕಾಗದ ಕೇಳಬಹುದು.

'ಓದದ ಪುಸ್ತಕಕ್ಕೆ ಬೆರಳು ಒತ್ತಬೇಡ' ಅಂತ ನಾನು ಅಪ್ಪನಿಗೆ ಹೇಳಿದೆ. ಅಪ್ಪ ಬೀಡಿ ಕೆಳಗಿಟ್ಟು, 'ಒತ್ತದಿದ್ರೆ ನಾಳೆ ಗೊಬ್ಬರ ಯಾರ್ ಕೊಡ್ತಾರ್ ಮಗಾ?' ಅಂದ. ನನ್ನ ಬಿ.ಎ. ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಒಬ್ಬ ಒತ್ತದಿದ್ದರೆ ಅವನ ಗೊಬ್ಬರ ನಿಲ್ಲುತ್ತದೆ. ಇಡೀ ಕೇರಿ ಒಟ್ಟಿಗೆ ಸಭೆಗೆ ಹೋಗಿ ಕೂತರೆ, 'ಲೆಕ್ಕ ಓದ್ರಿ ಸ್ವಾಮಿ, ಕೇಳ್ತೀವಿ' ಅಂದರೆ, ಯಾರ ಗೊಬ್ಬರ ನಿಲ್ಲಿಸುತ್ತಾರೆ?

ಮೊದಲು ಆ ಸಭೆಗೆ ಹೋಗೋಣ. ಕುರ್ಚಿ ಕೊಡದಿದ್ದರೆ ನೆಲದ ಮೇಲೆ ಕೂರೋಣ. ಆದರೆ ಲೆಕ್ಕ ಓದಿ ಮುಗಿಸುವವರೆಗೆ ಏಳುವುದು ಬೇಡ.