ಉಪ್ಪು, ವಿನೆಗರ್, ಪಾತ್ರೆ ಸೋಪು: ಈ ಮಿಶ್ರಣ ಸುರಿದರೆ ಕಳೆ ‘ಶಾಶ್ವತವಾಗಿ’ ಹೋಗುತ್ತದೆಯೇ?

ಮುಂಗಾರು ಶುರುವಾಗಿ ಎರಡು ವಾರ ಕಳೆದರೆ ಸಾಕು, ಕೈತೋಟದಲ್ಲಿ ಕಳೆಯೂ ವಾಟ್ಸಾಪ್ ಗ್ರೂಪುಗಳಲ್ಲಿ ಕಳೆ ತೆಗೆಯುವ ವಿಡಿಯೊಗಳೂ ಒಟ್ಟಿಗೇ ಹುಟ್ಟಿಕೊಳ್ಳುತ್ತವೆ. ಹೆಚ್ಚು ಓಡಾಡುವುದು ಇದು: ಒಂದು ಲೀಟರ್ ವಿನೆಗರ್‌ಗೆ ಒಂದು ಲೋಟ ಉಪ್ಪು ಹಾಕಿ, ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಸಿಂಪಡಿಸಿದರೆ ಕಳೆ ಬೇರುಸಹಿತ ಸಾಯುತ್ತದೆ, ಮತ್ತೆಂದೂ ಬರುವುದಿಲ್ಲ, ಕೆಮಿಕಲ್ ಇಲ್ಲವೇ ಇಲ್ಲ. ವಿಡಿಯೊದಲ್ಲಿ ಬೆಳಿಗ್ಗೆ ಹಸಿರಾಗಿದ್ದ ಗಿಡ ಸಂಜೆಗೆ ಕಂದಿ ಮಲಗಿರುತ್ತದೆ. ಆ ದೃಶ್ಯ ಸುಳ್ಳಲ್ಲ. ಮೂರು ವಾರದ ನಂತರ ಅದೇ ಜಾಗವನ್ನು ಯಾರೂ ತೋರಿಸುವುದಿಲ್ಲ, ಅಷ್ಟೇ.

ಸಂಜೆಗೆ ಸತ್ತದ್ದು ಏನು?

ಅಡುಗೆಮನೆಯ ವಿನೆಗರ್‌ನಲ್ಲಿ ಸುಮಾರು ಶೇ. 5ರಷ್ಟು ಅಸಿಟಿಕ್ ಆಮ್ಲ ಇರುತ್ತದೆ. ಅದು ತಾನು ಮುಟ್ಟಿದ ಎಲೆಯನ್ನು ಸುಡುತ್ತದೆ. ಉಪ್ಪು ಎಲೆಯೊಳಗಿನ ನೀರನ್ನು ಎಳೆದುಕೊಳ್ಳುತ್ತದೆ. ಸೋಪಿನ ಕೆಲಸ ದ್ರಾವಣ ಜಾರಿಹೋಗದೆ ಎಲೆಗೆ ಅಂಟುವಂತೆ ಮಾಡುವುದು. ಮೂರೂ ಸೇರಿ ಮಾಡುವುದು ಎಲೆಯ ಮೇಲಿನ ದಾಳಿ. ಈಗಷ್ಟೇ ಮೊಳೆತ ಎಳೆ ಸಸಿಗೆ ಅಷ್ಟು ಸಾಕು, ಅದು ಸಾಯುತ್ತದೆ. ಆದರೆ ನಮ್ಮ ಕೈತೋಟಗಳಲ್ಲಿ ತಲೆನೋವು ತರುವ ಕಳೆಗಳ ಜೀವ ಎಲೆಯಲ್ಲಿ ಇರುವುದಿಲ್ಲ.

ಜೇಕನ್ನೇ ನೋಡಿ. ಕೆಲವು ಕಡೆ ತುಂಗೆ ಹುಲ್ಲು ಎನ್ನುತ್ತಾರೆ, ಕೊನ್ನಾರಿ ಗಡ್ಡೆ ಎಂದೂ ಹೆಸರಿದೆ. 1977ರಲ್ಲಿ ಜಗತ್ತಿನ ಅತಿ ಕೆಟ್ಟ ಕಳೆಗಳ ಬಗ್ಗೆ ವಿಜ್ಞಾನಿಗಳು ತಂದ ಪುಸ್ತಕದಲ್ಲಿ ಮೊದಲ ಸ್ಥಾನ ಸಿಕ್ಕಿದ್ದು ಇದಕ್ಕೇ. (ಇದೇ ಗಡ್ಡೆಯನ್ನು ಗ್ರಂಧಿಗೆ ಅಂಗಡಿಯಲ್ಲಿ ಭದ್ರಮುಷ್ಟಿ ಎಂದು ದುಡ್ಡು ಕೊಟ್ಟು ತರುತ್ತೇವೆ ಎನ್ನುವುದು ಬೇರೆ ಮಾತು.) ಮಣ್ಣಿನ ಮೇಲೆ ಕಾಣುವ ಹುಲ್ಲು ಬರೀ ತುದಿ. ಕೆಳಗೆ, ಹೆಚ್ಚಾಗಿ ಅರ್ಧ ಅಡಿಯೊಳಗೆ, ಕಂದು ಬಣ್ಣದ ಸಣ್ಣ ಗಡ್ಡೆಗಳು ತೆಳು ದಾರದಂಥ ಕಾಂಡದಲ್ಲಿ ಪೋಣಿಸಿದ ಸರದ ಹಾಗೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಸರದ ತುದಿಯ ಗಡ್ಡೆ ಚಿಗುರಿರುವಾಗ ಉಳಿದವು ಸುಮ್ಮನೆ ಮಲಗಿರುತ್ತವೆ. ನೀವು ಹುಲ್ಲು ಹಿಡಿದು ಎಳೆದಾಗ ಆ ದಾರ ತುಂಡಾಗುತ್ತದೆ, ಮಲಗಿದ್ದವು ಒಂದೊಂದಾಗಿ ಏಳುತ್ತವೆ. ‘ಕಿತ್ತಷ್ಟೂ ಜಾಸ್ತಿ ಬರುತ್ತದೆ’ ಎಂದು ಮನೆಯ ಹಿರಿಯರು ಹೇಳುವುದರಲ್ಲಿ ಹುರುಳಿದೆ. ವಿನೆಗರ್ ಈ ಗಡ್ಡೆಗಳನ್ನು ತಲುಪುವುದೇ ಇಲ್ಲ.

ಉಪ್ಪಿನ ಲೆಕ್ಕ

ಎಲ್ಲ ಫಾರ್ವರ್ಡ್‌ಗಳ ಹಾಗೆ ಇದರಲ್ಲೂ ಒಂದು ನಿಜದ ಎಳೆ ಇದೆ. ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡದ ಮೇಲೆ ಶೇ. 15ರಿಂದ 20ರ ಉಪ್ಪಿನ ದ್ರಾವಣ ಸಿಂಪಡಿಸಬಹುದು ಎಂದು ಕೃಷಿ ತಜ್ಞರೇ ಹೇಳುತ್ತಾರೆ. ಆದರೆ ಅದು ಏನೂ ಬೆಳೆಯದ ಜಾಗಕ್ಕೆ ಹೇಳಿದ್ದು: ರಸ್ತೆ ಬದಿ, ಖಾಲಿ ಬಯಲು. ಫಾರ್ವರ್ಡ್ ಆಗುವಾಗ ಬಿದ್ದುಹೋದದ್ದು ಈ ಒಂದು ಷರತ್ತು.

ಶೇ. 20 ಎಂದರೆ 10 ಲೀಟರ್ ನೀರಿಗೆ 2 ಕೆ.ಜಿ. ಉಪ್ಪು. ವಿನೆಗರ್ ಮಣ್ಣಿಗೆ ಬಿದ್ದರೆ ಸೂಕ್ಷ್ಮಜೀವಿಗಳು ಕೆಲವು ದಿನಗಳಲ್ಲಿ ಒಡೆದು ಮುಗಿಸುತ್ತವೆ. ಉಪ್ಪನ್ನು ಒಡೆಯುವ ಜೀವಿ ಇಲ್ಲ. ಅದು ನೀರಿನ ಜೊತೆ ಕೆಳಗಿಳಿಯಬೇಕು, ಇಲ್ಲವೇ ಅಲ್ಲೇ ಕೂರಬೇಕು. ಕರಾವಳಿಯ ಮಳೆಗೆ ಸ್ವಲ್ಪ ತೊಳೆದು ಹೋದೀತು. ಬಯಲುಸೀಮೆಯ ಜೇಡಿಮಣ್ಣಿನಲ್ಲಿ, 30x40 ಸೈಟಿನ ಕಾಂಪೌಂಡ್ ಒಳಗಿನ ಪಾತಿಯಲ್ಲಿ ಅದು ಎಲ್ಲಿಗೆ ಹೋಗಬೇಕು? ಉಪ್ಪಿನ ಸೋಡಿಯಂ ಜೇಡಿಮಣ್ಣಿನ ಕಣಗಳನ್ನು ಹಿಡಿದಿಟ್ಟ ಕ್ಯಾಲ್ಸಿಯಂ ಅನ್ನು ಹೊರದಬ್ಬುತ್ತದೆ. ಹೆಂಟೆ ಕಟ್ಟಿದ್ದ ಮಣ್ಣು ಬಿಡಿಬಿಡಿಯಾಗಿ, ಒಣಗಿದಾಗ ಗಟ್ಟಿ ಪದರವಾಗುತ್ತದೆ. ನೀರು ಇಂಗುವುದಿಲ್ಲ, ಬೇರಿಗೆ ಗಾಳಿಯಿಲ್ಲ. ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಸವಳು ಭೂಮಿ ಎಂದರೆ ಏನೆಂದು ಅವರು ಬಲ್ಲರು. ಕಾಲುವೆ ನೀರಿನ ಅತಿ ಬಳಕೆಯಿಂದ ಅಲ್ಲಿ ವರ್ಷಗಟ್ಟಲೆ ಆದದ್ದನ್ನು ಈ ವಿಡಿಯೊ ನಮ್ಮ ಹಿತ್ತಿಲಿಗೆ ಒಂದು ಮಧ್ಯಾಹ್ನದಲ್ಲಿ ತರಲು ಹೇಳುತ್ತಿದೆ.

‘ತೆಂಗಿನ ಬುಡಕ್ಕೆ ನಾವೇ ಉಪ್ಪು ಹಾಕುತ್ತೇವಲ್ಲ?’ ಎಂದು ನೀವು ಕೇಳಬಹುದು. ಹೌದು, ತೆಂಗು ಉಪ್ಪು ತಾಳುತ್ತದೆ, ಅದಕ್ಕೆ ಕ್ಲೋರೈಡ್ ಬೇಕೂ ಬೇಕು. ಬೀನ್ಸ್ ಮತ್ತು ನಿಂಬೆ ತಾಳುವುದಿಲ್ಲ. ಕೊನೆಗೆ ಆಗುವುದೇನೆಂದರೆ, ನೀವು ಬೆಳೆಸಲು ಬಯಸಿದ್ದು ಮೊದಲು ಸಾಯುತ್ತದೆ, ಗಡ್ಡೆಯಿರುವ ಜೇಕು ಆಮೇಲೂ ಚಿಗುರುತ್ತದೆ.

ಸೀಮೆಎಣ್ಣೆ, ಡೀಸೆಲ್, ಟಾಯ್ಲೆಟ್ ತೊಳೆಯುವ ಆಸಿಡ್ ಸುರಿಯಲು ಹೇಳುವ ವಿಡಿಯೊಗಳೂ ಇವೆ. ಅವುಗಳ ಬಗ್ಗೆ ಒಂದೇ ಮಾತು: ಬೇಡ.

ಅಂಗಡಿಯ ಕಳೆನಾಶಕ ಆದರೆ?

ಗ್ಲೈಫೋಸೇಟ್ ಎಲೆಯಿಂದ ಗಡ್ಡೆಗೆ ಇಳಿಯುತ್ತದೆ ನಿಜ. ಆದರೂ ಸರದಲ್ಲಿ ಮಲಗಿರುವ ಗಡ್ಡೆಗಳಿಗೆಲ್ಲ ತಲುಪುವುದಿಲ್ಲ, ಹಾಗಾಗಿ ಜೇಕು ಒಂದೇ ಸಲಕ್ಕೆ ಮುಗಿಯುವುದಿಲ್ಲ. ಪಕ್ಕದ ಗಿಡಕ್ಕೆ ತಾಗಿದರೆ ಅದೂ ಹೋಯಿತು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆ ಇದನ್ನು ಕೀಟ ನಿಯಂತ್ರಣ ಪರವಾನಗಿದಾರರ ಮೂಲಕ ಮಾತ್ರ ಬಳಸಬೇಕು ಎನ್ನುತ್ತದೆ. ಪ್ಯಾರಾಕ್ವಾಟ್ ಎಂಬ ಇನ್ನೊಂದು ಕಳೆನಾಶಕವಂತೂ ಒಂದು ಗುಟುಕು ಒಳಗೆ ಹೋದರೂ ಪ್ರಾಣ ತೆಗೆಯಬಲ್ಲದು, ಅದಕ್ಕೆ ಪ್ರತಿವಿಷವೇ ಇಲ್ಲ. ಹೊಲಕ್ಕೆ ತಂದು ಉಳಿದದ್ದನ್ನು ತಂಪು ಪಾನೀಯದ ಬಾಟಲಿಗೆ ತುಂಬಿ ‘ಹಿತ್ತಿಲಿಗೆ ಹೊಡೆದುಕೊಳ್ಳಿ’ ಎಂದು ಯಾರಾದರೂ ಕೊಟ್ಟರೆ ಮನೆಯೊಳಗೆ ತರಬೇಡಿ. ನನ್ನ ಮಟ್ಟಿಗೆ, ಮಕ್ಕಳು ಆಡುವ ನಾಲ್ಕು ಪಾತಿಯ ಜಾಗಕ್ಕೆ ಇವು ಯಾವುವೂ ಬೇಕಿಲ್ಲ.

ಕೆಲಸ ಮಾಡುವುದು ಯಾವುದು?

ಜೇಕಿನ ವಿಷಯದಲ್ಲಿ ಲೆಕ್ಕಾಚಾರ ಇಷ್ಟೆ. ಗಡ್ಡೆಯಲ್ಲಿರುವ ಆಹಾರದ ದೊಡ್ಡ ಪಾಲು ಮೊದಲ ಚಿಗುರಿಗೇ ಖರ್ಚಾಗುತ್ತದೆ. ಚಿಗುರಿಗೆ ಐದಾರು ಎಲೆ ಬರುವ ತನಕ ಅದು ಹೊಸ ಗಡ್ಡೆ ಕಟ್ಟುವುದಿಲ್ಲ. ಅಷ್ಟರೊಳಗೆ ತೆಗೆದರೆ ಗಡ್ಡೆ ತನ್ನ ಉಳಿತಾಯದಿಂದಲೇ ಮತ್ತೆ ಚಿಗುರಬೇಕು. ಎರಡು ಮೂರು ವಾರಕ್ಕೊಮ್ಮೆ, ತಪ್ಪಿಸದೆ, ಕುರ್ಚಿಗೆಯಿಂದ ಆಳಕ್ಕೆ ಅಗೆದು ತೆಗೆಯುತ್ತಾ ಹೋದರೆ ಗಡ್ಡೆ ಬರಿದಾಗುತ್ತದೆ. ಒಂದು ಮಳೆಗಾಲದಲ್ಲಿ ಮುಗಿಯದೆ ಇರಬಹುದು, ಎರಡನೆಯದರಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ತಿಂಗಳುಗಟ್ಟಲೆ ಬಿಟ್ಟು ಒಂದೇ ಭಾನುವಾರ ಎಲ್ಲ ಕಿತ್ತು ಹಾಕುವುದರಿಂದ ಬೆನ್ನುನೋವು ಮಾತ್ರ ಲಾಭ.

ಬೇಸಿಗೆಯಲ್ಲಿ ಮಣ್ಣು ಅಗೆದು ತಿರುವಿ ಗಡ್ಡೆಗಳನ್ನು ಬಿಸಿಲಿಗೆ ಹಾಕಿ. ಪೂರ್ತಿ ಒಣಗಿದರೆ ಅವು ಮತ್ತೆ ಚಿಗುರುವುದಿಲ್ಲ. ರೈತರ ಮಾಗಿ ಉಳುಮೆಯ ಉದ್ದೇಶಗಳಲ್ಲಿ ಇದೂ ಒಂದು. ಜೇಕಿಗೆ ನೆರಳು ಆಗುವುದಿಲ್ಲ, ಆದ್ದರಿಂದ ಆ ಜಾಗಕ್ಕೆ ಕುಂಬಳ, ಸಿಹಿಗೆಣಸಿನ ಬಳ್ಳಿ ಹಬ್ಬಿಸಬಹುದು. ತೆಳು ಪ್ಲಾಸ್ಟಿಕ್ ಹಾಸಿದರೆ ಇದರ ಮೊನಚು ಚಿಗುರು ತೂತು ಮಾಡಿಕೊಂಡೇ ಬರುತ್ತದೆ. ಇನ್ನು, ಈ ಕಳೆ ನಿಮ್ಮ ಮನೆಗೆ ಬರುವುದೇ ಹೆಚ್ಚಾಗಿ ಲೋಡಿನ ಕೆಂಪು ಮಣ್ಣಿನಲ್ಲಿ ಮತ್ತು ನರ್ಸರಿ ಕವರಿನಲ್ಲಿ. ಮಣ್ಣು ಇಳಿಸಿಕೊಳ್ಳುವ ಮೊದಲು ಎರಡು ಬೊಗಸೆ ಜರಡಿ ಹಿಡಿದು ನೋಡುವುದು ಐದು ನಿಮಿಷದ ಕೆಲಸ.

ಕಾಂಗ್ರೆಸ್ ಗಿಡದ ದಾರಿ ಬೇರೆ. ಅಮೆರಿಕ ಖಂಡದ ಈ ಗಿಡ ಪುಣೆಯಲ್ಲಿ ಗಮನಕ್ಕೆ ಬಂದದ್ದು 1950ರ ದಶಕದ ಮಧ್ಯದಲ್ಲಿ. ಇದಕ್ಕೆ ಗಡ್ಡೆ ಇಲ್ಲ, ಬೀಜವೇ ಬಂಡವಾಳ: ಒಂದು ಗಿಡ 15,000ದಿಂದ 25,000 ಬೀಜ ಉದುರಿಸಬಲ್ಲದು, ಮೊಳೆತ ಒಂದೆರಡು ತಿಂಗಳಲ್ಲೇ ಹೂ ಬಿಡುತ್ತದೆ. ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ, ಹೂವಿಗೆ ಮೊದಲು ಬೇರುಸಹಿತ ಕಿತ್ತರೆ ಗೊಬ್ಬರದ ಗುಂಡಿಗೂ ಹಾಕಬಹುದು. ಬಿಳಿ ಹೂ ಕಂಡ ಮೇಲೆ ಗುಂಡಿಗೆ ಹಾಕಬೇಡಿ. ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಕೆಲವು ವಾರ ಬಿಸಿಲಿಗಿಡಿ.

ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ. ಇದರಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಚರ್ಮದ ಅಲರ್ಜಿ ತರುತ್ತದೆ. ಅಲರ್ಜಿ ಮೊದಲ ದಿನವೇ ಬರಬೇಕೆಂದಿಲ್ಲ, ವರ್ಷಗಟ್ಟಲೆ ಮುಟ್ಟಿದವರಿಗೂ ಒಂದು ದಿನ ಶುರುವಾಗಬಹುದು. ಆಮೇಲೆ ಗಾಳಿಯಲ್ಲಿ ಹಾರುವ ಪುಡಿಗೂ ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆ ಕೆಂಪಾಗಿ ತುರಿಸುತ್ತವೆ. ‘ನನಗೇನೂ ಆಗಿಲ್ಲ’ ಎನ್ನುವುದು ಇಲ್ಲಿ ಪುರಾವೆ ಅಲ್ಲ. ಶ್ರಮದಾನದ ಹೆಸರಲ್ಲಿ ಶಾಲಾ ಮಕ್ಕಳ ಕೈಯಲ್ಲಿ ಗ್ಲೌಸ್ ಇಲ್ಲದೆ ಇದನ್ನು ಕೀಳಿಸುವುದಂತೂ ನಿಲ್ಲಬೇಕು.

ಮಳೆಗಾಲದಲ್ಲಿ ಈ ಗಿಡದ ಎಲೆ ಮೇಲೆ ಕೆನೆ ಬಣ್ಣದ, ಕಂದು ಅಂಕುಡೊಂಕು ಗೆರೆಯ ಪುಟ್ಟ ದುಂಬಿ ಕಂಡರೆ ಗಾಬರಿಯಾಗಿ ಔಷಧಿ ಹೊಡೆಯಬೇಡಿ. ಇದನ್ನೇ ತಿನ್ನಲೆಂದು ಮೆಕ್ಸಿಕೊದಿಂದ ತರಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿ ಅದು. ಸೂರ್ಯಕಾಂತಿಯನ್ನೂ ತಿನ್ನುತ್ತದೆ ಎಂಬ ಗದ್ದಲ 1990ರ ದಶಕದಲ್ಲಿ ಎದ್ದಿತ್ತು, ಆಮೇಲೆ ತಣ್ಣಗಾಯಿತು. ಒಣ ತಿಂಗಳುಗಳಲ್ಲಿ ಮಣ್ಣಿನೊಳಗೆ ಮಲಗಿದ್ದು ಮಳೆಗೆ ಹೊರಬರುತ್ತದೆ. ಆದರೆ ಅದನ್ನೇ ನಂಬಿ ಕೂರುವಂತಿಲ್ಲ, ಅದು ತಿಂದು ಮುಗಿಸುವ ಮೊದಲೇ ಗಿಡ ಹೂ ಬಿಟ್ಟಿರಬಹುದು.